ಎಷ್ಟು ಬದುಕಿದವು ಸ್ವಾಮಿ?

ಬೆಳಗ್ಗೆಯೇ ತಲೆ ಕೆಟ್ಟಿದೆ. ಉದ್ದ ಬರೆಯುತ್ತೇನೆ, ಪುರುಸೊತ್ತಿದ್ದವರು ಮಾತ್ರ ಓದಿ.

ವಾಟ್ಸಾಪ್‌ನಲ್ಲಿ ಒಂದು ವಿಡಿಯೋ ಬಂತು. ತೀರಿಹೋದ ಪರಿಸರ ಹೋರಾಟಗಾರರೊಬ್ಬರ ಹೆಸರಿನ ಟ್ರಸ್ಟು. ಅವರ ನೆನಪಿನ ದಿನಕ್ಕೆ ಗಿಡ ನೆಡುವ ಕಾರ್ಯಕ್ರಮ. ಟ್ರಸ್ಟಿನ ಹೆಸರು ಹೇಳುವುದಿಲ್ಲ, ಕೇಳಬೇಡಿ. ಹಿಂದೆ ಗೋಡೆಯಗಲ ಬ್ಯಾನರು, 'ಸುಸ್ಥಿರ ಅಭಿವೃದ್ಧಿಯ ಹಾದಿಯಲ್ಲಿ' ಅಂತ. ಬ್ಯಾನರು ಪ್ಲಾಸ್ಟಿಕ್ಕಿನದು. ಹೋಗಲಿ ಬಿಡಿ, ಅದಕ್ಕೆಲ್ಲ ಸಿಟ್ಟು ಮಾಡಿಕೊಳ್ಳುವ ವಯಸ್ಸು ದಾಟಿದೆ. ಒಂದೇ ಗಿಡಕ್ಕೆ ಹನ್ನೊಂದು ಕೈ, ಎಣಿಸಿದೆ. ಎರಡನೇ ಸಲ ನೋಡಿದಾಗ ಕಾಣಿಸಿತು, ನರ್ಸರಿಯ ಕರಿ ಪ್ಲಾಸ್ಟಿಕ್ ಚೀಲ ಬಿಚ್ಚಿಯೇ ಇಲ್ಲ! ಚೀಲದ ಸಮೇತ ಗುಂಡಿಗೆ ಇಳಿಸಿ ಮಣ್ಣು ಎಳೆದಿದ್ದಾರೆ. ಕರಿ ಅಂಚು ಮಣ್ಣಿನ ಮೇಲೆ ಇಣುಕುತ್ತಿದೆ. ಆ ಬೇರು ಎಲ್ಲಿಗೆ ಹೋಗಬೇಕು? ಚೀಲದೊಳಗೇ ಗಿರಗಿರ ಸುತ್ತಿ ಸಾಯಬೇಕು ಅಷ್ಟೇ. ಹನ್ನೊಂದು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ, ಯಾಕೆಂದರೆ ಒಬ್ಬರೂ ಗಿಡದ ಕಡೆ ನೋಡುತ್ತಿರಲಿಲ್ಲ. ಎಲ್ಲರ ಕಣ್ಣು ಕ್ಯಾಮೆರಾ ಮೇಲೆ.

ನಾನು ಹೊಟ್ಟೆಪಾಡಿಗೆ ಏನು ಮಾಡುತ್ತೇನೆ ಅಂತ ನಿಮಗೆಲ್ಲ ಗೊತ್ತು. ಇಂಥ ಟ್ರಸ್ಟುಗಳ ಲೆಕ್ಕ ನೋಡುವುದು. ಇಪ್ಪತ್ತು ವರ್ಷದಿಂದ ಅದೇ ವೋಚರು, ಅದೇ ಫೈಲು. ವೇದಿಕೆ ಖರ್ಚು ಒಂದು ಸಾಲು, ಬ್ಯಾನರು ಒಂದು ಸಾಲು, ಗಿಡ ಖರೀದಿ ಒಂದು ಸಾಲು. ಫೋಟೋದವನಿಗೆ ಕೊಟ್ಟಿದ್ದು ಯಾವಾಗಲೂ ಗಿಡಕ್ಕೆ ಕೊಟ್ಟಿದ್ದಕ್ಕಿಂತ ಜಾಸ್ತಿ, ಅದು ಬೇರೆ ಮಾತು. ಆದರೆ 'ಹೋದ ವರ್ಷ ನೆಟ್ಟಿದ್ದರಲ್ಲಿ ಉಳಿದದ್ದು ಎಷ್ಟು' ಅನ್ನುವ ಸಾಲನ್ನು ನಾನು ಒಂದೇ ಒಂದು ವರದಿಯಲ್ಲೂ ನೋಡಿಲ್ಲ.

ಕೀನ್ಯಾದ ಪರಿಸರ ಹೋರಾಟಗಾರ್ತಿ ವಂಗಾರಿ ಮಾಥಾಯ್ ಅವರ ಕೆಲಸ ನಿಂತಿದ್ದೇ ಈ ಸಾಲಿನ ಮೇಲೆ. 1977ರ ಜೂನ್ 5ಕ್ಕೆ ನೈರೋಬಿಯಲ್ಲಿ ಏಳು ಗಿಡ ನೆಟ್ಟು ಗ್ರೀನ್ ಬೆಲ್ಟ್ ಚಳವಳಿ ಹುಟ್ಟುಹಾಕಿದರು. ಹಳ್ಳಿಯ ಹೆಂಗಸರು ಸಸಿ ಬೆಳೆಸಬೇಕು, ನೆಡಬೇಕು, ನೋಡಿಕೊಳ್ಳಬೇಕು. ಬದುಕಿದ ಗಿಡಕ್ಕೆ ಇಷ್ಟು ಅಂತ ಚೂರು ಹಣ. ಗಮನಿಸಿ, ನೆಟ್ಟ ಗಿಡಕ್ಕಲ್ಲ, ಬದುಕಿದ ಗಿಡಕ್ಕೆ. ಎಷ್ಟು ಸರಳ ಲೆಕ್ಕ ಅಲ್ವಾ? ಗಿಡ ಸತ್ತರೆ ದುಡ್ಡಿಲ್ಲ, ಹಾಗಾಗಿ ಯಾರೂ ಚೀಲದ ಸಮೇತ ನೆಡುವುದಿಲ್ಲ. ಓದು ಬಾರದ ಹೆಂಗಸರಿಗೆ ಅರಣ್ಯಶಾಸ್ತ್ರ ಏನು ಗೊತ್ತು ಅಂತ ಅರಣ್ಯ ಇಲಾಖೆಯವರು ಮೂಗು ಮುರಿದಿದ್ದರಂತೆ. ಆ ಹೆಂಗಸರು ನೆಟ್ಟಿದ್ದು 5 ಕೋಟಿ ದಾಟಿದೆ ಅಂತ ಸಂಸ್ಥೆ ಹೇಳುತ್ತದೆ.

ಆದರೆ ನಮ್ಮ ಟ್ರಸ್ಟಿನವರು ಆಕೆಯ ಫೋಟೋ ಹಾಕುವಾಗ ಬರೀ ಗಿಡ ಹಿಡಿದ ಫೋಟೋ ಹಾಕುತ್ತಾರೆ. ಜಗಳವಾಡಿದ ವಂಗಾರಿ ಎಲ್ಲಿ? 1989ರಲ್ಲಿ ನೈರೋಬಿಯ ಉಹುರು ಪಾರ್ಕಿನೊಳಗೆ 60 ಅಂತಸ್ತಿನ ಕಟ್ಟಡ ಏಳಿಸಲು ಸರ್ಕಾರ ಹೊರಟಿತ್ತು. ಈಕೆ ಕಂಡಕಂಡವರಿಗೆಲ್ಲ ಕಾಗದ ಬರೆದರು. ಸಂಸತ್ತಿನಲ್ಲಿ ಕೂತ ಗಂಡಸರು ಗೇಲಿ ಮಾಡಿದರು. ಸಂಸ್ಥೆಯನ್ನು ಸರ್ಕಾರಿ ಕಚೇರಿಯಿಂದ ಹೊರಗೆ ಹಾಕಿದರು, ಈಕೆ ಮನೆಯಿಂದಲೇ ಕೆಲಸ ಮುಂದುವರಿಸಿದರು. ಕೊನೆಗೆ ಹಣ ಹಾಕುವವರೇ ಹಿಂದೆ ಸರಿದು ಕಟ್ಟಡ ನಿಂತುಹೋಯಿತು. 1999ರಲ್ಲಿ ನೈರೋಬಿಯ ಕರೂರಾ ಕಾಡಿನ ಜಾಗ ಪರಭಾರೆ ಆಗುವುದನ್ನು ತಡೆಯಲು ಹೋಗಿ ತಲೆ ಒಡೆಸಿಕೊಂಡರು. 2004ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಕೊಡುವಾಗ ಹೇಳಿದ ಕಾರಣ ಏನು ಗೊತ್ತಾ? ಸುಸ್ಥಿರ ಅಭಿವೃದ್ಧಿ, ಪ್ರಜಾಪ್ರಭುತ್ವ, ಶಾಂತಿ. ಮೂರೂ ಒಟ್ಟಿಗೆ. ನಮ್ಮ ಬ್ಯಾನರಿನವರು ಮೊದಲನೆಯದನ್ನು ಮಾತ್ರ ಕತ್ತರಿಸಿಕೊಂಡಿದ್ದಾರೆ. ಉಳಿದೆರಡಕ್ಕೆ ಪ್ರಾಯೋಜಕರು ಸಿಗುವುದಿಲ್ಲ ನೋಡಿ.

ಆಕೆ ಹೋದದ್ದು 2011ರ ಸೆಪ್ಟೆಂಬರ್ 25ಕ್ಕೆ. ತನ್ನ ಶವಪೆಟ್ಟಿಗೆಗೆ ಮರ ಕಡಿಯಬಾರದು ಅಂದಿದ್ದರು. ಬಿದಿರು, ಕೆರೆಯಲ್ಲಿ ಬೆಳೆಯುವ ಜಲಕಳೆ, ಜೊಂಡಿನಂಥ ಪಪೈರಸ್, ಇಷ್ಟರಲ್ಲೇ ಪೆಟ್ಟಿಗೆ ಹೆಣೆದರು. ಇದನ್ನು ಓದಿದ ದಿನ ನಾನು ಸುಮ್ನೆ ಸ್ವಲ್ಪ ಹೊತ್ತು ಕೂತಿದ್ದೆ.

ಅವರ ಹೆಸರಿನ ಪ್ರತಿಷ್ಠಾನ ಈಗ ಮಕ್ಕಳು, ಹುಡುಗ ಹುಡುಗಿಯರ ಜೊತೆ ಕೆಲಸ ಮಾಡುತ್ತದೆ, ಮಗಳು ವಂಜೀರಾ ಅದರ ಹಿಂದೆ ನಿಂತಿದ್ದಾರೆ. ಆದರೆ ನನಗೆ ಖುಷಿ ಕೊಟ್ಟ ಸುದ್ದಿ ಇನ್ನೊಂದು. 2024ರಲ್ಲಿ ರಸ್ತೆ ಅಗಲ ಮಾಡಲು ಅದೇ ಕರೂರಾ ಕಾಡಿನ 51 ಎಕರೆಗೂ ಹೆಚ್ಚು ಜಾಗ ಬಿಟ್ಟುಕೊಡುವ ಮಾತು ಬಂತು. ಗ್ರೀನ್ ಬೆಲ್ಟ್‌ನವರು ಕೋರ್ಟಿಗೆ ಹೋಗಿ ತಡೆ ತಂದರು. ಆಕೆ ಸತ್ತು ಹದಿಮೂರು ವರ್ಷವಾದ ಮೇಲೆ! ಆಕೆಯ ತಲೆ ಒಡೆದ ಅದೇ ಕಾಡಿಗಾಗಿ!

ಈಗ ನಮ್ಮ ಟ್ರಸ್ಟಿನ ಕಥೆ. ಅವರ ಹಿರಿಯರು ಬದುಕಿದ್ದಾಗ ಯಾವುದರ ವಿರುದ್ಧ ಗಂಟಲು ಹರಿದುಕೊಂಡಿದ್ದರೋ, ಅದೇ ಬಗೆಯ ಕೆಲಸ ಮಾಡುವವರ ಲೋಗೋ ಇವತ್ತು ಬ್ಯಾನರಿನ ಕೆಳಗೆ, ಬಲಮೂಲೆಯಲ್ಲಿ. ಫೋಟೋದಲ್ಲಿರುವ ಹಿರಿಯರು ನಗುತ್ತಿದ್ದಾರೆ. ಪಾಪ, ಅವರಿಗೆ ಬೇರೆ ದಾರಿಯಿಲ್ಲ.

ಗೊತ್ತು, ಈಗ ಕಾಮೆಂಟಿನಲ್ಲಿ ಯಾರಾದರೂ ಬರುತ್ತೀರಿ. 'ಸಂಸ್ಥೆ ನಡೆಸಲು ದುಡ್ಡು ಬೇಡವಾ? ಎಲ್ಲರ ಜೊತೆ ಜಗಳವಾಡಿದರೆ ಯಾರು ಕೊಡುತ್ತಾರೆ? ಏನೂ ಮಾಡದವರಿಗಿಂತ ನಾಲ್ಕು ಗಿಡ ನೆಟ್ಟವರು ವಾಸಿ.' ದುಡ್ಡು ಬೇಕು, ಒಪ್ಪಿದೆ, ನನ್ನ ಫೀಸೂ ಅದರಲ್ಲೇ ಬರುವುದು. ಆದರೆ ದುಡ್ಡಿದ್ದರೆ ಸಾಲದು, ಏನಕ್ಕೆ ಕಟ್ಟಿದ ಸಂಸ್ಥೆ ಅನ್ನುವುದು ನೆನಪಿರಬೇಕು. ಅಮೆರಿಕದ ರೇಚಲ್ ಕಾರ್ಸನ್ ಡಿಡಿಟಿಯಂಥ ಕೀಟನಾಶಕಗಳ ಬಗ್ಗೆ ಎಚ್ಚರಿಸಿ 1964ರಲ್ಲಿ ತೀರಿಹೋದರು. ಮರುವರ್ಷವೇ ಅವರ ಹೆಸರಲ್ಲಿ ಟ್ರಸ್ಟ್ ಆಯಿತು. ಅದರ ಕೆಲಸ ಏನಾಗಿತ್ತು? ಕೀಟನಾಶಕಗಳ ಬಗ್ಗೆ ಕೇಳಿದವರಿಗೆ ಮಾಹಿತಿ ಕೊಡುವುದು. ಆಕೆ ಎಲ್ಲಿ ಬಿಟ್ಟಿದ್ದರೋ ಅಲ್ಲಿಂದ. ಇನ್ನು ಬರೀ ಹೆಸರಿಟ್ಟರೆ ಏನಾಗುತ್ತದೆ ಅಂತ ನೋಡಬೇಕಾದರೆ ಬ್ರೆಜಿಲ್‌ಗೆ ಹೋಗಿ. ಅಮೆಜಾನ್ ಕಾಡು ಉಳಿಸಲು ಹೋರಾಡಿ 1988ರಲ್ಲಿ ಗುಂಡಿಗೆ ಬಲಿಯಾದ ಚಿಕೋ ಮೆಂಡೆಸ್ ಹೆಸರಲ್ಲಿ 1990ರಿಂದ ದೊಡ್ಡ ಮೀಸಲು ಕಾಡಿದೆ. ಅದರೊಳಗೂ ಮರ ಕಡಿದು ದನ ಮೇಯಿಸುವುದು ನಿಂತಿಲ್ಲ. ಬೋರ್ಡು ನೋಡಿ ದನ ಹಿಂದೆ ತಿರುಗುತ್ತದೆಯೇ?

ಮತ್ತೆ 'ನಾಲ್ಕು ಗಿಡ ನೆಟ್ಟವರು ವಾಸಿ' ಅನ್ನುವವರಿಗೆ: ಚೀಲ ಬಿಚ್ಚದೆ ನೆಟ್ಟವರು ವಾಸಿಯಲ್ಲ. ನರ್ಸರಿಯಲ್ಲೇ ಬಿಟ್ಟಿದ್ದರೆ ಆ ಸಸಿ ಇನ್ನಷ್ಟು ದಿನ ಬದುಕಿರುತ್ತಿತ್ತು.

ಇಷ್ಟೆಲ್ಲ ಕೂಗಾಡಿದ ಮೇಲೆ ಒಂದು ಹೇಳಬೇಕು, ಹೇಳದೆ ಹೋದರೆ ರಾತ್ರಿ ನಿದ್ದೆ ಬರುವುದಿಲ್ಲ. ಆರು ವರ್ಷದ ಹಿಂದೆ ಇದೇ ಟ್ರಸ್ಟಿನ ವಾರ್ಷಿಕ ವರದಿಯನ್ನು ಟೈಪ್ ಮಾಡಿದವನು ನಾನೇ. 'ನೆಟ್ಟ ಗಿಡಗಳು: 500' ಅಂತ ಬರೆದೆ. ಯಾರೋ ಫೋನಿನಲ್ಲಿ ಹೇಳಿದ ಸಂಖ್ಯೆ. ಐನೂರಾ ಸರ್ ಅಂತ ಕೇಳಿದೆ, ಹೂಂ ಹಾಕಿಕೊಳ್ಳಿ ಅಂದರು, ಹಾಕಿಕೊಂಡೆ. ಆಮೇಲೆ ಒಂದು ಸಲ ಆ ಜಾಗದ ಹತ್ತಿರ ಹೋಗುವ ಕೆಲಸ ಬಿತ್ತು. ಗಿಡಗಳಿಗೆ ಆಸರೆಗೆ ನೆಟ್ಟ ಕೋಲುಗಳು ಸಾಲಾಗಿ ನಿಂತಿದ್ದವು. ಕೋಲಿಗೆ ಕಟ್ಟಿದ ದಾರವೂ ಇತ್ತು. ದಾರದೊಳಗೆ ಏನೂ ಇರಲಿಲ್ಲ. ಒಂದು ಕಡೆ ಮಾತ್ರ ಒಂದು ಹೊಂಗೆ ನನ್ನ ಎದೆಮಟ್ಟ ಬೆಳೆದಿತ್ತು, ಅದನ್ನು ನಾವು ನೆಟ್ಟಿದ್ದೋ ತಾನೇ ಹುಟ್ಟಿದ್ದೋ ದೇವರಿಗೇ ಗೊತ್ತು. ಅದರ ಫೋಟೋ ತೆಗೆದು ಟ್ರಸ್ಟಿನ ಗ್ರೂಪಿಗೆ ಹಾಕಿದೆ. ಇಪ್ಪತ್ತಮೂರು ಹೆಬ್ಬೆರಳು ಬಂದವು. ಉಳಿದ ಕೋಲುಗಳ ಫೋಟೋ ನಾನು ಹಾಕಲಿಲ್ಲ.

ಮುಂದಿನ ವಾರ ಈ ಸಲದ ಫೈಲು ನನ್ನ ಟೇಬಲ್ಲಿಗೆ ಬರುತ್ತದೆ. ಗಿಡ ಖರೀದಿಯ ಸಾಲಿನ ಕೆಳಗೆ ಪೆನ್ಸಿಲ್ಲಿನಲ್ಲಿ ಬರೆದು ವಾಪಸ್ ಕಳಿಸಬೇಕು ಅಂತಿದ್ದೇನೆ, 'ಹಿಂದಿನ ವರ್ಷದವು ಎಷ್ಟು ಬದುಕಿವೆ?' ಖಾಲಿ ಬಿಟ್ಟು ಕಳಿಸಿದರೆ ಸಹಿ ಹಾಕುವುದಿಲ್ಲ.

ಹೋದ ವರ್ಷವೂ ಹೀಗೇ ಅಂದುಕೊಂಡಿದ್ದೆ. ಪೆನ್ಸಿಲ್ಲಿನಲ್ಲಿ ಬರೆದೂ ಇದ್ದೆ. ಆಮೇಲೆ ರಬ್ಬರ್ ತೆಗೆದುಕೊಂಡೆ.