ಮೂರನೆಯ ಚುಕ್ಕೆ

ನೇರ ಗೆರೆ ಎಳೆಯಲು ಎರಡು ಚುಕ್ಕೆ ಸಾಕು. ಗ್ರೀಕ್ ಗಣಿತಜ್ಞ ಯೂಕ್ಲಿಡ್ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಇದನ್ನು ತನ್ನ ಮೊದಲ ಆಧಾರ ಪ್ರತಿಜ್ಞೆಯಾಗಿ ಬರೆದಿಟ್ಟ. ಆದರೂ ಸಮೀಕರಣವನ್ನು ಗ್ರಾಫ್ ಹಾಳೆಯಲ್ಲಿ ಗೆರೆಯಾಗಿ ಎಳೆಸುವಾಗ ನಮ್ಮ ಗಣಿತದ ಮೇಷ್ಟ್ರುಗಳಿಗೆ ಎರಡರಲ್ಲಿ ಸಮಾಧಾನವಿಲ್ಲ. ಎಕ್ಸ್, ವೈ ಬೆಲೆಗಳನ್ನು ಬರೆಯುವ ಕೋಷ್ಟಕದಲ್ಲಿ ಮೂರು ಮನೆ ಇರಲೇಬೇಕು. ನಾನು ಮೇಷ್ಟ್ರ ಪಕ್ಷ. ಯೂಕ್ಲಿಡ್ ಬರೆದದ್ದು ಲೆಕ್ಕ ತಪ್ಪದವರಿಗೆ. ಎರಡು ಚುಕ್ಕೆಗಳಲ್ಲಿ ಒಂದು ತಪ್ಪಿದ್ದರೂ ಸ್ಕೇಲು ಇಟ್ಟರೆ ಗೆರೆ ಬಂದೇ ಬರುತ್ತದೆ, ಅದೂ ಬಹಳ ಲಕ್ಷಣವಾಗಿ. ಮೂರನೆಯದು ಸಾಲಿನಲ್ಲಿ ಕೂರದೆ ಪಕ್ಕಕ್ಕೆ ಸರಿದಾಗಲೇ ಎಲ್ಲೋ ಒಂದು ಮೈನಸ್ ಕೈಕೊಟ್ಟಿದೆ ಅಂತ ಗೊತ್ತಾಗುವುದು.

ಎಕ್ಸ್‌ಗೆ ಯಾವ ಬೆಲೆ ಬೇಕಾದರೂ ಕೊಡಬಹುದು ಎನ್ನುತ್ತಾರೆ. ಕೊಡಬಹುದು ನಿಜ, ಕೊಡಬಾರದು. 2ಎಕ್ಸ್ + 3ವೈ = 12ರಲ್ಲಿ ಎಕ್ಸ್‌ಗೆ 1 ಎಂದು ನೋಡಿ, ವೈ 10/3 ಆಗುತ್ತದೆ. ಸೆಂಟಿಮೀಟರಿಗೆ ಹತ್ತು ಸಣ್ಣ ಮನೆಯಿರುವ ಗ್ರಾಫ್ ಹಾಳೆಯಲ್ಲಿ ಆ ಮೂರರಲ್ಲೊಂದು ಪಾಲನ್ನು ಎಲ್ಲಿ ಹುಡುಕುವುದು? ಪಳಗಿದವರು ಸಂತೆಯಲ್ಲಿ ಚಿಲ್ಲರೆ ತಾಪತ್ರಯ ಬಾರದಷ್ಟೇ ಸಾಮಾನು ಕೊಳ್ಳುವವರ ಹಾಗೆ. ಎಕ್ಸ್ ಸೊನ್ನೆ, ವೈ 4. ವೈ ಸೊನ್ನೆ, ಎಕ್ಸ್ 6. ನಡುವೆ 3 ಕೊಟ್ಟರೆ 2. ಮುಗಿಯಿತು. ಆದರೆ ಈ ಸೊನ್ನೆಯ ಉಪಾಯ ವೈ = 2ಎಕ್ಸ್ ಎದುರು ಮಕಾಡೆ ಮಲಗುತ್ತದೆ: ಎಕ್ಸ್‌ಗೆ ಸೊನ್ನೆ ಕೊಟ್ಟರೂ (0, 0) ಎಂಬ ಮೂಲಬಿಂದು, ವೈಗೆ ಕೊಟ್ಟರೂ ಅದೇ ಮೂಲಬಿಂದು. (ಮೊಬೈಲಿಗೆ ಈ ಯಾವ ಕಷ್ಟವೂ ಇಲ್ಲ. ಸಮೀಕರಣವನ್ನೇ ತಪ್ಪು ಬರೆದು ಕೊಟ್ಟರೂ ಅಷ್ಟೇ ಚಂದದ ಗೆರೆ ಎಳೆದು ತೋರಿಸುತ್ತದೆ.)

ಎಸ್‌ಎಸ್‌ಎಲ್‌ಸಿಗೆ ಬಂದರೆ ಗೆರೆ ಎರಡಾಗುತ್ತವೆ. 2ಎಕ್ಸ್ + 3ವೈ = 12ರ ಜೊತೆ ಎಕ್ಸ್ − ವೈ = 1 ಕೊಟ್ಟರೆ ಎರಡೂ (3, 2)ರಲ್ಲಿ ಕೂಡುತ್ತವೆ, ಅದೇ ಉತ್ತರ. ಪೆನ್ಸಿಲ್ ಮೊಂಡಾಗಿದ್ದರೆ ಅಲ್ಲಿ ಬಿಂದುವಿನ ಬದಲು ಒಂದು ಮಸಿಮಚ್ಚೆ. ಮೂಲೆಯಲ್ಲಿ ಪ್ರಮಾಣ, ಅಂದರೆ ಒಂದು ಸೆಂಟಿಮೀಟರಿಗೆ ಎಷ್ಟು ಎಂಬುದನ್ನು, ಬರೆಯುವುದನ್ನೂ ಮರೆಯುವಂತಿಲ್ಲ. ಈ ವಿದ್ಯೆಯ ಮೂಲಪುರುಷನೆಂದು ಹೆಸರಾದ ಫ್ರಾನ್ಸಿನ ಡೆಕಾರ್ಟ್‌ನ 1637ರ ಪುಸ್ತಕದಲ್ಲಾದರೋ, ನಾವು ಎಳೆಯುವಂಥ ಅಡ್ಡ-ಉದ್ದ ಅಕ್ಷಗಳ ಜೋಡಿಯೇ ಇಲ್ಲ. ನಮ್ಮ ಮೇಷ್ಟ್ರು ಅವನಿಗೆ ಪೂರ್ತಿ ಅಂಕ ಕೊಡುತ್ತಿದ್ದರೆಂದು ನನಗನ್ನಿಸುವುದಿಲ್ಲ.

ಗೆರೆಗಳು ಎಲ್ಲಿ ಕೂಡುತ್ತವೆ ಎಂಬುದರ ಬಿಸಿ ನಿಜಕ್ಕೂ ಗೊತ್ತಿದ್ದದ್ದು ರೈಲ್ವೆ ಕಂಟ್ರೋಲ್ ಆಫೀಸಿನವರಿಗೆ. ಕಂಪ್ಯೂಟರ್ ಬರುವ ಮೊದಲು, ಒಂದು ಭಾಗದ ರೈಲುಗಳ ಓಡಾಟ ನೋಡಿಕೊಳ್ಳುವ ಸೆಕ್ಷನ್ ಕಂಟ್ರೋಲರ್ ದೊಡ್ಡದೊಂದು ಚಾರ್ಟಿನಲ್ಲಿ ಅಡ್ಡಕ್ಕೆ ಸಮಯ, ಉದ್ದಕ್ಕೆ ನಿಲ್ದಾಣಗಳನ್ನು ಇಟ್ಟುಕೊಂಡು, ಒಂದೊಂದು ರೈಲಿಗೂ ಒಂದೊಂದು ಓರೆಗೆರೆಯನ್ನು ಕೈಯಾರೆ ಎಳೆಯುತ್ತಿದ್ದರು. ಗೆರೆ ಕಡಿದಾದಷ್ಟೂ ವೇಗ ಹೆಚ್ಚು; ರೈಲು ನಿಂತರೆ ಗೆರೆ ಮಲಗಿತು. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಯಂಥ ಒಂಟಿ ಹಳಿಯಲ್ಲಿ ಹತ್ತುವ ಗೆರೆಯೂ ಇಳಿಯುವ ಗೆರೆಯೂ ದಾಟುವುದಿದ್ದರೆ ಎಡಕುಮೇರಿಯಂಥ ಯಾವುದಾದರೂ ನಿಲ್ದಾಣದ ಮಟ್ಟದಲ್ಲೇ ದಾಟಬೇಕು. ಎರಡು ನಿಲ್ದಾಣಗಳ ನಡುವೆ ದಾಟಿದರೂ ಸಮೀಕರಣಕ್ಕೆ ಉತ್ತರವೇನೋ ಸಿಗುತ್ತದೆ. ಯಾರಿಗೂ ಬೇಡದ ಉತ್ತರ.

ಮಕ್ಕಳನ್ನು ಗಲಿಬಿಲಿಗೊಳಿಸುವ ಎಕ್ಸ್ = 3 ಎಂಬ ನೆಟ್ಟಗೆ ನಿಂತ ಗೆರೆ ಮಾತ್ರ ಆ ಚಾರ್ಟಿನಲ್ಲಿ ಎಂದೂ ಬರುವಂತಿರಲಿಲ್ಲ. ಬಂದರೆ, ರೈಲು ಒಂದು ನಿಮಿಷವೂ ಕಳೆಯದೆ ಘಾಟಿ ಇಳಿದು ಸುಬ್ರಹ್ಮಣ್ಯ ಸೇರಿತೆಂದು ಅರ್ಥ. ಆ ದಾರಿಯಲ್ಲಿ ಒಮ್ಮೆ ಕೂತು ಬಂದವರು ಇದನ್ನು ಸುತರಾಂ ಒಪ್ಪಲಾರರು.