ಇದು ಬೇಡ, ನಾಳೆ ಬನ್ನಿ

ಕಳೆದ ಜನವರಿಯಲ್ಲಿ ಊರಿಗೆ ಹೋಗಿದ್ದೆ. ಹೋದ ಎರಡನೇ ದಿನ ಸಂಜೆ ಅಮ್ಮ ಹರಿವೆ ಸೊಪ್ಪು ತರಲು ಹೇಳಿದರು. ಉಡುಪಿ ಹತ್ತಿರದ ಕಟಪಾಡಿಯಲ್ಲಿ ರಸ್ತೆ ಬದಿಗೆ ಗೋಣಿ ಹಾಸಿ ತರಕಾರಿ ಮಾರುವ ಅಕ್ಕ ಒಬ್ಬರಿದ್ದಾರೆ. ಅಮ್ಮ ಎಷ್ಟೋ ವರ್ಷದಿಂದ ಅವರ ಹತ್ತಿರವೇ ತೆಗೆದುಕೊಳ್ಳುವುದು. ನಾನು ಹೋದಾಗ ಗೋಣಿಯ ಮೇಲೆ ಎರಡು ಕಟ್ಟು ಹರಿವೆ ಉಳಿದಿತ್ತು. ಎರಡನ್ನೂ ಕೊಡಿ ಅಕ್ಕಾ ಅಂದೆ.

ಅವರು ಕೊಡಲಿಲ್ಲ. "ಇದು ಬೇಡ. ನಿನ್ನೆ ಕಿತ್ತದ್ದು, ನಿಮ್ಮ ಅಮ್ಮನಿಗೆ ಗೊತ್ತಾಗ್ತದೆ. ನಾಳೆ ಬೆಳಿಗ್ಗೆ ಬನ್ನಿ, ಬೇರೆ ತರ್ತೇನೆ" ಅಂದರು. ಅವರು ಹೇಳಿದ್ದು ತುಳುವಿನಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬರಿಗೈಯಲ್ಲಿ ಹೋಗುವುದು ಬೇಡವೆಂದು ಒಂದು ಮಂಗಳೂರು ಸೌತೆ ಎತ್ತಿಕೊಂಡೆ. ಅದಕ್ಕೂ ಅವರದ್ದೊಂದು ಪ್ರಶ್ನೆ ಇತ್ತು. "ಇವತ್ತಿಗಾ, ಇಡ್ಲಿಕ್ಕಾ?" ಇವತ್ತಿಗೆ ಅಂದೆ. ನನ್ನ ಕೈಯಲ್ಲಿದ್ದದ್ದನ್ನು ವಾಪಸ್ ಇಟ್ಟು ಬೇರೆ ಕೊಟ್ಟರು. ಚೆನ್ನಾಗಿ ಬಲಿತ ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಮನೆಯ ಛಾವಣಿಗೆ ನೇತು ಹಾಕಿದರೆ ತಿಂಗಳುಗಟ್ಟಲೆ ಇರುತ್ತದೆ. ಅಂಥದ್ದನ್ನು ಇವತ್ತೇ ಕೊಯ್ದು ಹುಳಿ ಮಾಡುವುದು ಅವರಿಗೆ ಸರಿ ಕಾಣಲಿಲ್ಲ.

ನಾನು 15 ವರ್ಷದಿಂದ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇನೆ. ಈ ವರ್ಷಗಳಲ್ಲಿ ಎಷ್ಟೋ ಅಂಗಡಿಗಳಲ್ಲಿ ಎಷ್ಟೋ ತೆಗೆದುಕೊಂಡಿದ್ದೇನೆ. "ತಗೊಳ್ಬೇಡಿ" ಎಂದು ಯಾರೂ ಹೇಳಿದ್ದು ನೆನಪಿಲ್ಲ. ಆ ಮಾತು ನನ್ನ ತಲೆಯಲ್ಲೇ ಉಳಿದುಬಿಟ್ಟಿತು.

ಹಾಗೆಂದು ಇಲ್ಲಿಯವರನ್ನು ದೂರಲಿಕ್ಕೆ ಬರೆಯುತ್ತಿಲ್ಲ. ನ್ಯೂಜೆರ್ಸಿಯನ್ನು ಗಾರ್ಡನ್ ಸ್ಟೇಟ್ ಎಂದು ಕರೆಯುತ್ತಾರೆ. ಆ ಹೆಸರಿಗೆ ತಕ್ಕ ಹಾಗೆ ತೋಟಗಳಿವೆ. ಇಲ್ಲಿ ಬೆಳೆದದ್ದಕ್ಕೆ 'ಜೆರ್ಸಿ ಫ್ರೆಶ್' ಎಂಬ ಗುರುತು ಹಾಕಿ ಮಾರುವ ಕೆಲಸವನ್ನು ರಾಜ್ಯದ ಕೃಷಿ ಇಲಾಖೆ 1984ರಲ್ಲೇ ಶುರು ಮಾಡಿತು. ನಾವು ಬೇಸಿಗೆಯ ಶನಿವಾರಗಳಲ್ಲಿ ಒಂದು ತೋಟದ ಅಂಗಡಿಗೆ ಹೋಗುತ್ತೇವೆ. ಹಿಂದೆ ಹೊಲ, ಮುಂದೆ ಮರದ ಕಟ್ಟಡ. ಒಂದು ಬದಿಯಲ್ಲಿ ತರಕಾರಿ, ಹಣ್ಣು. ಇನ್ನೊಂದು ಬದಿಯಲ್ಲಿ ನಾಲ್ಕು ಬೆಂಚು ಹಾಕಿದ ತಿಂಡಿ ಅಂಗಡಿ. ಜೂನ್‌ನಲ್ಲಿ ಸ್ಟ್ರಾಬೆರಿ, ಜುಲೈನಲ್ಲಿ ಬ್ಲೂಬೆರಿ, ಆಮೇಲೆ ಮುಸುಕಿನ ಜೋಳ, ಟೊಮೆಟೊ, ಪೀಚ್. ಅಕ್ಟೋಬರ್‌ನಲ್ಲಿ ಸೇಬು. ಚಳಿ ಜೋರಾದ ಮೇಲೆ ಬಾಗಿಲು ಹಾಕುತ್ತಾರೆ.

ಜೋಳದ ರಾಶಿಯ ಮೇಲೆ ಒಂದು ಹಲಗೆ ಇರುತ್ತದೆ. 'ನಮ್ಮದೇ ಬೆಳೆ, ಇವತ್ತು ಬೆಳಿಗ್ಗೆ ಕಿತ್ತದ್ದು' ಎಂದು ಸೀಮೆಸುಣ್ಣದಲ್ಲಿ ಬರೆದಿರುತ್ತಾರೆ. ಅದು ಸುಮ್ನೆ ಬರೆದದ್ದಲ್ಲ. ತೆನೆ ಮುರಿದ ಗಳಿಗೆಯಿಂದ ಜೋಳದ ಸಿಹಿ ಕಡಿಮೆಯಾಗಿ ಹಿಟ್ಟಿನ ಅಂಶ ಜಾಸ್ತಿ ಆಗುತ್ತಾ ಹೋಗುತ್ತದೆ. ಬೆಳಿಗ್ಗೆಯದ್ದಕ್ಕೂ ಮೂರು ದಿನ ಹಳೆಯದಕ್ಕೂ ರುಚಿಯಲ್ಲಿ ತುಂಬಾ ವ್ಯತ್ಯಾಸ. ಬಾಳೆಹಣ್ಣಿನ ಮೇಲೆ ಆ ಹಲಗೆ ಇರುವುದಿಲ್ಲ. ಅದು ಹೊರಗಿನಿಂದ ತಂದದ್ದು. ಯಾವುದು ತಮ್ಮದು, ಯಾವುದು ತಮ್ಮದಲ್ಲ ಎಂದು ಯಾರೂ ಬಾಯಿಬಿಟ್ಟು ಕೇಳಬೇಕಾಗಿಲ್ಲ.

ಒಮ್ಮೆ ಒಂದು ಚೀಲ ಪೀಚ್ ತಂದೆವು. ಮನೆಗೆ ಬಂದು ಕೊಯ್ದರೆ ಮೂರು ಹಣ್ಣು ಒಳಗೆ ಕಂದಾಗಿತ್ತು. ಮುಂದಿನ ಶನಿವಾರ ಹೇಳಿದೆ. ಕೌಂಟರಿನಲ್ಲಿದ್ದ ಹುಡುಗಿ ಬಿಲ್ಲನ್ನೂ ಕೇಳದೆ ಹೊಸ ಚೀಲ ಕೊಟ್ಟಳು. ಖುಷಿಯಾಯಿತು. ಆದರೆ ಅವಳಿಗೆ ನಮ್ಮ ಮನೆಯಲ್ಲಿ ಎಷ್ಟು ಜನ, ಹಣ್ಣು ಯಾವತ್ತು ತಿನ್ನುತ್ತೇವೆ ಎಂಬುದು ಗೊತ್ತಿಲ್ಲ. ಗೊತ್ತಿರಬೇಕೆಂದೂ ಇಲ್ಲ. ಊರಿನಲ್ಲಿ ಕದಳಿ ಬಾಳೆ ಕೇಳಿದರೆ ಅಂಗಡಿಯವರು ಮೊದಲು ಕೇಳುವುದೇ "ಯಾವತ್ತಿಗೆ?" ಎಂದು. ನಾಡಿದ್ದು ಪೂಜೆ ಅಂದರೆ ನಾಡಿದ್ದಿಗೆ ಹದವಾಗುವ ಚಿಪ್ಪನ್ನು ಹುಡುಕಿ ಕೊಡುತ್ತಾರೆ.

ತಿಂಡಿ ಅಂಗಡಿಯ ವಿಷಯಕ್ಕೆ ಬರುತ್ತೇನೆ. ನನಗೆ ಹೆಚ್ಚು ಹೇಳಲಿಕ್ಕಿರುವುದು ಇದರ ಬಗ್ಗೆಯೇ.

ಆ ತೋಟದ ತಿಂಡಿ ಅಂಗಡಿಯಲ್ಲಿ ಟೊಮೆಟೊ ಸ್ಯಾಂಡ್‌ವಿಚ್ ಮಾಡುತ್ತಾರೆ. ಟೊಮೆಟೊ ಇರುವಷ್ಟು ದಿನ ಮಾತ್ರ. ದಿನಕ್ಕೂ ಇಷ್ಟೇ ಎಂದು ಲೆಕ್ಕ. ಹನ್ನೆರಡು ಗಂಟೆಗೆ ಮುಗಿದರೆ ಹಲಗೆಯಿಂದ ಒರೆಸಿಬಿಡುತ್ತಾರೆ. ಸಾಲಿನಲ್ಲಿದ್ದವರು "ಅಯ್ಯೋ, ಮುಗಿಯಿತಾ, ನಾಳೆ ಬೇಗ ಬರೋಣ" ಎಂದು ಹೋಗುತ್ತಾರೆ. ಮುಗಿದದ್ದನ್ನು ಒಳ್ಳೆಯ ಗುರುತು ಎಂದೇ ತಿಳಿಯುತ್ತಾರೆ.

ಎರಡು ವರ್ಷದ ಹಿಂದೆ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಮಳೆಗಾಲದಲ್ಲಿ, ಊರಲ್ಲಿದ್ದೆ. ಮಳೆ ಬಿಡದೆ ಹೊಡೆಯುತ್ತಿತ್ತು. ಉಡುಪಿ ಹತ್ತಿರ ಒಂದು ಸಣ್ಣ ಹೋಟೆಲಿಗೆ ಕೆಸುವಿನ ಎಲೆಯ ಪತ್ರೊಡೆ ತಿನ್ನಲು ಹೋದೆ. ಗಂಡ ಹೆಂಡತಿ ಇಬ್ಬರೇ ನಡೆಸುವ ಜಾಗ. ಹತ್ತು ಗಂಟೆಗೇ ಪತ್ರೊಡೆ ಮುಗಿದಿತ್ತು. ಪಕ್ಕದ ಮೇಜಿನಲ್ಲಿದ್ದವರು ಜೋರಾಗಿ ಬೈದರು. "ಬೋರ್ಡಿನಲ್ಲಿ ಬರೆದ ಮೇಲೆ ಇಡ್ಬೇಕಲ್ವಾ? ಹೋಟೆಲ್ ಯಾಕೆ ನಡೆಸುವುದು ಮತ್ತೆ?" ಆ ಹೆಂಗಸು ಏನೂ ಹೇಳದೆ ಒಳಗೆ ಹೋದರು. ಆಮೇಲೆ ಮೊಬೈಲಿನಲ್ಲಿ ನೋಡಿದೆ. ಆ ಹೋಟೆಲಿಗೆ ಜನ ಎರಡು ನಕ್ಷತ್ರ, ಒಂದು ನಕ್ಷತ್ರ ಕೊಟ್ಟಿದ್ದರು. ಕಾರಣ ಒಂದೇ, ಕೇಳಿದ್ದು ಸಿಗಲಿಲ್ಲ.

ಪತ್ರೊಡೆ ಮಾಡುವುದು ಎಂದರೆ ಏನೆಂದು ಹೀಗೆ ಬೈದವರಿಗೆ ಗೊತ್ತಿರಲಿಲ್ಲವೇ? ಮಳೆ ಬಿದ್ದ ಮೇಲೆ ಚಿಗುರಿದ ಕೆಸುವಿನ ಎಲೆ ಬೇಕು. ಮರದ ಮೇಲೆ ಬೆಳೆಯುವ ಮರಕೆಸು ಸಿಕ್ಕಿದರೆ ಇನ್ನೂ ಒಳ್ಳೆಯದು, ಅದಕ್ಕೆ ಮರ ಹತ್ತುವವರು ಬೇಕು. ಅಕ್ಕಿ ನೆನೆಸಬೇಕು, ಮೆಣಸು, ಕೊತ್ತಂಬರಿ, ಹುಳಿ ಹಾಕಿ ರುಬ್ಬಬೇಕು. ಒಂದೊಂದೇ ಎಲೆ ಹಾಸಿ, ಹಿಟ್ಟು ಹಚ್ಚಿ, ಸುರುಳಿ ಸುತ್ತಿ ಬೇಯಿಸಬೇಕು. ಹುಳಿ ಕಡಿಮೆಯಾದರೆ ಗಂಟಲು ತುರಿಸುತ್ತದೆ. ಇಬ್ಬರೇ ಇಷ್ಟು ಮಾಡಿದ ಮೇಲೆ ಹತ್ತು ಗಂಟೆಗೆ ಮುಗಿಯದೆ ಇನ್ನೇನಾಗಬೇಕು? ಸಂಜೆ ಐದಕ್ಕೂ ಪತ್ರೊಡೆ ಸಿಗುವ ಜಾಗದಲ್ಲಿ ನನಗೆ ಅನುಮಾನ ಬರುತ್ತದೆ.

ಅನುಮಾನ ಹುಟ್ಟಿಸುವ ಅಂಥ ಒಂದು ಜಾಗಕ್ಕೆ ಕಳೆದ ಜನವರಿಯಲ್ಲೇ ಹೋದೆವು. ಹೆದ್ದಾರಿ ಬದಿಯ ದೊಡ್ಡ ಹೋಟೆಲ್, ಹೆಸರು ಬೇಡ. ಹೊರಗೆ 'ಊರಿನ ಅಡುಗೆ' ಎಂಬ ಬೋರ್ಡು. ಅಮ್ಮ, ನಾನು, ನನ್ನ ಮಗಳು. ಮಗಳಿಗೆ ಮಟ್ಟುಗುಳ್ಳ, ಅಂದರೆ ಮಟ್ಟು ಊರಿನ ಹಸಿರು ಬದನೆ, ತಿನ್ನಿಸಬೇಕೆಂದು ನನಗೆ ಆಸೆ ಇತ್ತು. ಗುಳ್ಳದ ಬೋಳುಹುಳಿ ಉಂಟು ಅಂದರು. ಬಂದದ್ದು ಹಸಿರು ಬದನೆಯೇ. ಆದರೆ ಸಿಪ್ಪೆ ದಪ್ಪ, ಬಾಯಿಗೆಲ್ಲ ಬೀಜ. ಬಡಿಸುವ ಹುಡುಗನನ್ನು ಕೇಳಿದರೆ "ಮಟ್ಟುಗುಳ್ಳವೇ ಸರ್" ಅಂದ. ಅಮ್ಮ ಒಂದು ಮಾತೂ ಆಡಲಿಲ್ಲ. ಹೋಳುಗಳನ್ನು ಎಲೆಯ ಬದಿಗೆ ಸರಿಸಿ ಮಜ್ಜಿಗೆ ಹಾಕಿಸಿಕೊಂಡರು. ಮಟ್ಟು ಊರು ಅಲ್ಲಿಂದ ದೂರವೇನಲ್ಲ. ನನಗೆ ನಿಜವಾಗಿ ನೋವಾಯಿತು. ದುಡ್ಡು ಹೋದದ್ದಕ್ಕಲ್ಲ, ಗುಳ್ಳ ಅಂದರೆ ಇದೇ ಎಂದು ನನ್ನ ಮಗಳು ತಿಳಿದುಕೊಂಡಳಲ್ಲ ಎಂದು.

ಕಟಪಾಡಿಯ ಅಕ್ಕ ಸುಳ್ಳು ಹೇಳಲಿಲ್ಲ, ಇವರು ಯಾಕೆ ಹೇಳಿದರು ಎಂದು ತುಂಬಾ ಯೋಚಿಸಿದೆ. ಅಕ್ಕ ಒಳ್ಳೆಯವರು, ಇವರು ಕೆಟ್ಟವರು ಎಂದರೆ ವಿಷಯ ಮುಗಿಯುವುದಿಲ್ಲ. ನಾಳೆ ಬೆಳಿಗ್ಗೆ ಅಮ್ಮ ಮತ್ತೆ ಅದೇ ದಾರಿಯಲ್ಲಿ ಬರುತ್ತಾರೆ, ಅಕ್ಕ ಅಲ್ಲೇ ಕೂತಿರುತ್ತಾರೆ. ಇಬ್ಬರಿಗೂ ಅದು ಗೊತ್ತು. ಹೆದ್ದಾರಿ ಹೋಟೆಲಿಗೆ ಬಂದವರು ಗೋವಾಕ್ಕೋ ಕೊಲ್ಲೂರಿಗೋ ಹೋಗುವವರು. ಮತ್ತೆ ಬರುತ್ತಾರೆಂದು ಇಲ್ಲ. ನಮ್ಮ ಕರಾವಳಿಯಲ್ಲಿ 'ಊರಿನದ್ದಾ, ಘಟ್ಟದ್ದಾ (ಘಟ್ಟದ ಮೇಲಿನಿಂದ ಬಂದದ್ದಾ)?' ಎಂದು ಕೇಳಿ ತರಕಾರಿ ತೆಗೆದುಕೊಳ್ಳುವ ರೂಢಿ ಇದೆ. ಘಟ್ಟದ್ದಾದರೆ ಘಟ್ಟದ್ದು ಎಂದೇ ಹೇಳುತ್ತಾರೆ. ಆದರೆ ಆ ಪ್ರಶ್ನೆ ಕೇಳಲಿಕ್ಕೆ ಊರಿನ ಬೆಂಡೆ ಹೇಗಿರುತ್ತದೆ ಎಂದು ಕೊಳ್ಳುವವರಿಗೆ ಗೊತ್ತಿರಬೇಕು. ಮಂಗಳೂರು, ಉಡುಪಿಗಳಲ್ಲಿ ಈಗ ಹೊರಗಿನಿಂದ ಬಂದು ನೆಲೆಸಿದವರು ಜಾಸ್ತಿ. ಓದಲು ಬಂದ ಮಕ್ಕಳು, ಕೆಲಸಕ್ಕೆ ಬಂದವರು, ಪ್ರವಾಸಿಗಳು. ಅವರನ್ನು ಕಾಯುವುದು ಯಾರ ಮಾತು?

ಇಲ್ಲಿಯ ಪದ್ಧತಿಯಿಂದ ನಾವು ಒಂದನ್ನು ತೆಗೆದುಕೊಳ್ಳಬೇಕು ಎಂದು ನಾನು ಹೇಳುವುದು ಇದಕ್ಕೇ. ನ್ಯೂಯಾರ್ಕ್ ನಗರದಲ್ಲಿ ಗ್ರೀನ್‌ಮಾರ್ಕೆಟ್ ಎಂಬ ರೈತರ ಸಂತೆ 1976ರಿಂದ ನಡೆಯುತ್ತಿದೆ. ಯೂನಿಯನ್ ಸ್ಕ್ವೇರ್‌ನಲ್ಲಿ ಸೇರುವುದು ಅದರಲ್ಲಿ ಪ್ರಸಿದ್ಧ. ನಿಯಮ ಕಟ್ಟುನಿಟ್ಟು: ತಾವು ಬೆಳೆದದ್ದನ್ನೇ ಮಾರಬೇಕು. ಸಗಟು ಮಾರುಕಟ್ಟೆಯಿಂದ ತಂದು ಇಡುವಂತಿಲ್ಲ. ಸಂತೆಯವರು ಹೊಲಕ್ಕೇ ಹೋಗಿ ನೋಡಿ ಬರುತ್ತಾರೆ. ಅಷ್ಟು ದೊಡ್ಡ ನಗರದಲ್ಲಿ ಯಾರಿಗೂ ಯಾರ ಪರಿಚಯವೂ ಇಲ್ಲ. ಹಾಗಾಗಿ ನಂಬಿಕೆಯನ್ನು ನಿಯಮ ಮಾಡಿ ಇಟ್ಟುಕೊಂಡಿದ್ದಾರೆ.

ಇದು ನಮ್ಮಿಂದ ಆಗದ ಕೆಲಸವೇನಲ್ಲ. ಮಟ್ಟುವಿನ ಬೆಳೆಗಾರರೇ ಮಾಡಿ ತೋರಿಸಿದ್ದಾರೆ. ಉಡುಪಿಯ ಸೋದೆ ಮಠದ ಯತಿ ವಾದಿರಾಜರು ಕೊಟ್ಟ ಬೀಜದಿಂದ ಬಂದದ್ದು ಎಂದು ಜನ ನಂಬುವ ಬೆಳೆ ಅದು. ಉಡುಪಿ ಕೃಷ್ಣನ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯ ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ನಡೆಯುತ್ತದೆ; ಆ ಹೊತ್ತಿಗೆ ಮಟ್ಟುವಿನವರು ಕೃಷ್ಣಮಠಕ್ಕೆ ಗುಳ್ಳ ಒಪ್ಪಿಸುತ್ತಾರೆ. 2011ರಲ್ಲಿ ಗುಳ್ಳಕ್ಕೆ ಜಿಐ, ಅಂದರೆ ಆ ಊರಿನದ್ದೇ ಬೆಳೆ ಎಂಬ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಬೇರೆ ಬದನೆಯನ್ನು ಮಟ್ಟುಗುಳ್ಳ ಎಂದು ಮಾರುವುದು ಹೆಚ್ಚಾದಾಗ ಬೆಳೆಗಾರರ ಸಂಘ ಕಾಯಿಗಳಿಗೆ ಸ್ಟಿಕರ್ ಅಂಟಿಸಲು ಶುರು ಮಾಡಿತು. ಅಂಗಡಿಯಲ್ಲಿ ನಿಂತ ಹೊಸಬರೂ ಅದನ್ನು ನೋಡಿ ತೆಗೆದುಕೊಳ್ಳಬಹುದು. ಆದರೆ ಹೋಟೆಲಿನ ಹುಳಿಯಲ್ಲಿ ಬೆಂದ ಮೇಲೆ ಸ್ಟಿಕರ್ ಎಲ್ಲಿ?

ಅದಕ್ಕೇ ನನ್ನದೊಂದು ಕೋರಿಕೆ. ಹೋಟೆಲಿನ ಗೋಡೆಯಲ್ಲಿ ಒಂದು ಕರಿಹಲಗೆ ಇಡಿ. ಇವತ್ತಿನ ಹುಳಿಗೆ ಯಾವ ತರಕಾರಿ, ಎಲ್ಲಿಯದ್ದು ಎಂದು ಬರೆಯಿರಿ. ಬಸಳೆ ಊರಿನದ್ದು, ಬೀನ್ಸ್ ಘಟ್ಟದ್ದು ಎಂದರೆ ಯಾರೂ ಎದ್ದು ಹೋಗುವುದಿಲ್ಲ. ಮಳೆಗಾಲದಲ್ಲಿ ಘಟ್ಟದ ತರಕಾರಿ ಇಲ್ಲದೆ ನಮ್ಮ ಮನೆಗಳಲ್ಲೂ ನಡೆಯುವುದಿಲ್ಲ. ಗುಳ್ಳ ಸಿಗದ ದಿನ ಗುಳ್ಳ ಇಲ್ಲ ಎಂದು ಬರೆದರೆ ಆಯಿತು.

ಇನ್ನು ಕೊಳ್ಳುವ ನಮ್ಮ ಕಡೆಯದ್ದು. ಅಲಸಂಡೆಯ ಕಟ್ಟಿಗೆ ಐದು ರೂಪಾಯಿ ಕಡಿಮೆ ಮಾಡಿ ಎಂದು ರಸ್ತೆ ಬದಿಯಲ್ಲಿ ಚರ್ಚೆ ಮಾಡುವವರು ಎಸಿ ಅಂಗಡಿಯಲ್ಲಿ ಬಿಲ್ ನೋಡದೆ ಕೊಡುತ್ತಾರೆ. ರಜೆಗೆ ಬಂದ ನಮ್ಮಂಥವರಲ್ಲೂ ಇದನ್ನು ಕಂಡಿದ್ದೇನೆ, ಬೇಸರವಾಗುತ್ತದೆ. ಮಲ್ಲಿಗೆ ವಿಷಯದಲ್ಲಿ ನಾವು ಹೀಗಿಲ್ಲ. ಮಲ್ಲಿಗೆಗೆ ಹೆಸರಾದ ನಮ್ಮ ಶಂಕರಪುರದಲ್ಲಿ ದಿನವೂ ದರ ನಿಗದಿಯಾಗುತ್ತದೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮದುವೆಯ ದಿನಗಳಲ್ಲಿ ಅಟ್ಟೆಗೆ ಸಾವಿರ ರೂಪಾಯಿ ದಾಟಿದರೂ ಇವತ್ತಿನ ರೇಟ್ ಇಷ್ಟು ಅಂದರೆ ಮುಗಿಯಿತು, ಕೊಟ್ಟು ಬರುತ್ತೇವೆ. ಮಲ್ಲಿಗೆ ಕಟ್ಟುವ ಕೈಗೆ ಕೊಡುವ ಮರ್ಯಾದೆಯನ್ನು ಹರಿವೆ ಕೀಳುವ ಕೈಗೂ ಕೊಡಬಹುದಲ್ವಾ?

ಮಂಗಳೂರಿನ ಪಂಜೆ ಮಂಗೇಶರಾವ್ ರಸ್ತೆಯಲ್ಲಿ ಭಾನುವಾರ ಬೆಳಿಗ್ಗೆ ಸಾವಯವ ಸಂತೆ ಸೇರುತ್ತದೆ. ನಡೆಸುವವರು ಸಾವಯವ ಕೃಷಿಕ ಗ್ರಾಹಕ ಬಳಗ. ಬೆಳೆಯುವವರೂ ಕೊಳ್ಳುವವರೂ ಒಂದೇ ಬಳಗದ ಹೆಸರಿನಲ್ಲಿ ಸೇರಿರುವುದು ನನಗೆ ಬಹಳ ಇಷ್ಟ. ಅಲ್ಲಿ ಬೆಳೆದವರನ್ನೇ ಕಂಡು ಮಾತಾಡಬಹುದು. ಬೆಳಿಗ್ಗೆ ಬೇಗ ಏಳಬೇಕು, ಅಷ್ಟೇ.

ನಕ್ಷತ್ರ ಕೊಡುವವರಲ್ಲೂ ಒಂದು ಮಾತು. ಕುರ್ಚಿ, ಏಸಿ, ಪಾರ್ಕಿಂಗ್ ಬಗ್ಗೆ ಬರೆಯಿರಿ, ಬೇಡ ಅನ್ನುವುದಿಲ್ಲ. ಜೊತೆಗೆ ಏನು ತಿಂದಿರಿ, ಅದು ಎಲ್ಲಿಯದ್ದು ಎಂದು ಕೇಳಿ ಬರೆಯಿರಿ. ಉತ್ತರ ಸಿಗದಿದ್ದರೆ ಅದನ್ನೂ ಬರೆಯಿರಿ. ಓದುವ ಹೊಸಬರಿಗೆ ಅದರಿಂದ ಉಪಯೋಗ ಉಂಟು.

ಆಟಿ ತಿಂಗಳಲ್ಲಿ ಆ ಸಣ್ಣ ಹೋಟೆಲಿಗೆ ನಾನು ಮರುದಿನ ಮತ್ತೆ ಹೋಗಿದ್ದೆ. ಬಂದ ಮೇಲೆ ಹೀಗೆ ಬರೆದೆ: "ಮೊದಲ ದಿನ ಹತ್ತು ಗಂಟೆಗೆ ಹೋದೆ, ಪತ್ರೊಡೆ ಮುಗಿದಿತ್ತು. ಮರುದಿನ ಎಂಟಕ್ಕೆ ಹೋದೆ, ಸಿಕ್ಕಿತು. ಕೆಸು ಅವರದೇ ಮನೆಯ ಹಿಂದಿನದ್ದಂತೆ. ಹುಳಿ ಸರಿಯಾಗಿತ್ತು, ಗಂಟಲು ತುರಿಸಲಿಲ್ಲ."