ಥೋರಿಯಂ ಅಂದ ಕೂಡಲೇ ನಿಶ್ಚಿಂತೆಯೇ?

ಥೋರಿಯಂ ಎಂಬ ಲೋಹವನ್ನು ಅಣು ಇಂಧನವಾಗಿ ಬಳಸುವ ರಿಯಾಕ್ಟರುಗಳ ಕುರಿತ ನಿಮ್ಮ ಲೇಖನ ಚೆನ್ನಾಗಿದೆ. ಆದರೆ 'ಥೋರಿಯಂ ರಿಯಾಕ್ಟರಿನಿಂದ ಬಾಂಬ್ ಮಾಡಲಾಗದು' ಎಂಬ ಸಾಲು ಗಂಟಲಿಗೆ ಸಿಕ್ಕಿಕೊಂಡಿತು. ಥೋರಿಯಂ ನ್ಯೂಟ್ರಾನ್ ನುಂಗಿ ಪ್ರೊಟಾಕ್ಟಿನಿಯಂ ಆಗಿ, ಕೊನೆಗೆ ಬಾಂಬಿಗೂ ಒದಗುವ ಯುರೇನಿಯಂ-233 ಆಗುತ್ತದಲ್ಲ, ತಕರಾರು ಇರುವುದೇ ಅಲ್ಲಿ. 1955ರಲ್ಲೇ ಅಮೆರಿಕ ಅದನ್ನು ಪ್ಲುಟೋನಿಯಂ ಜೊತೆ ಸೇರಿಸಿ ಸ್ಫೋಟಿಸಿ ನೋಡಿದೆ. ಜೊತೆಗೇ ಹುಟ್ಟುವ ಯುರೇನಿಯಂ-232ರಿಂದ ಬರುವ ಗಾಮಾ ವಿಕಿರಣ ಹತ್ತಿರ ಹೋಗಿ ಮುಟ್ಟಲು ಬಿಡದು, ಅದೇ ಕಾವಲು ಅನ್ನುತ್ತಾರೆ, ಸರಿ. ಪ್ರೊಟಾಕ್ಟಿನಿಯಂ ಅನ್ನು ಮೊದಲೇ ಬೇರ್ಪಡಿಸಿಟ್ಟರೆ ಯುರೇನಿಯಂ-232 ಬೆರಕೆ ಕಡಿಮೆಯಾಗಿ ಆ ಕಾವಲೂ ಸಡಿಲ. ಸಂಶೋಧನೆಗೆಂದು ಕೆನಡಾ ಕೊಟ್ಟ ಸೈರಸ್ ರಿಯಾಕ್ಟರಿನ ಪ್ಲುಟೋನಿಯಂ 1974ರಲ್ಲಿ ಪೋಖ್ರಾನ್ ಅಣು ಸ್ಫೋಟಕ್ಕೆ ಸೇರಿದ್ದು ನಮ್ಮದೇ ಕಥೆ ಅಲ್ಲವೇ!

ಇನ್ನು ಸುರಕ್ಷತೆ. ಸೋಮವಾರಪೇಟೆ ಕಡೆಯ ನಮ್ಮ ಕಾಫಿ ತೋಟದಲ್ಲಿ ಅಜ್ಜನ ಕಾಲದಿಂದ ದಿನದ ಮಳೆಯನ್ನು ಇಂಚಿನ ಲೆಕ್ಕದಲ್ಲಿ ಬರೆದಿಡುತ್ತೇವೆ. 2018ರ ಆಗಸ್ಟ್ ಪುಟದಲ್ಲಿ ಒಂದು ದಿನಕ್ಕೆ ಅಂಕಿಯೇ ಇಲ್ಲ. ಅಳತೆಯ ಪಾತ್ರೆ ತುಂಬಿ ಹೊರಚೆಲ್ಲಿತ್ತು, ಅಪ್ಪ ಬರೀ ಗೀಟು ಎಳೆದಿದ್ದಾರೆ. ಜಪಾನಿನ ಫುಕುಶಿಮಾ ಅಣು ಸ್ಥಾವರದಲ್ಲೂ ಸುಮಾರು 5.7 ಮೀಟರ್ ಸುನಾಮಿ ಅಲೆಗೆ ಲೆಕ್ಕ ಹಾಕಿದ್ದರು. 2011ರಲ್ಲಿ ಬಂದದ್ದು ಅದರ ಎರಡು ಪಟ್ಟಿಗೂ ಹೆಚ್ಚು, ರಿಯಾಕ್ಟರನ್ನು ತಣಿಸಲು ಕರೆಂಟು ಕೊಡಬೇಕಿದ್ದ ನೆಲಮಾಳಿಗೆಯ ಡೀಸೆಲ್ ಜನರೇಟರುಗಳು ಮುಳುಗಿದವು. ಹೊಸ ರಿಯಾಕ್ಟರಿನ ಅಪಾಯ ಅಳೆಯುವವರು ಅಂಥ ಗೀಟಿನ ಜಾಗಕ್ಕೆ ಯಾವ ಅಂಕಿ ಹಾಕುತ್ತಾರೆ? ಮುಂದಿನ ಕಂತಿನಲ್ಲಿ ಲೇಖಕರು ಅದನ್ನಷ್ಟು ಬಿಡಿಸಿ ಬರೆಯಲಿ.